ಬ್ಲ್ಯಾಕ್‌ಬಾಡಿ ಫರ್ನೇಸ್‌ನಲ್ಲಿ ಐಆರ್ ಪೈರೋಮೀಟರ್ ಕ್ಯಾಲಿಬ್ರೇಶನ್: ಸಮಗ್ರ ಮಾರ್ಗದರ್ಶಿ

"ಬ್ಲ್ಯಾಕ್‌ಬಾಡಿ 1000 ಡಿಗ್ರಿಯಲ್ಲಿದೆ, ನಮ್ಮ ಗನ್ 985 ತೋರಿಸ್ತಿದೆ. ಎಮಿಸಿವಿಟಿ ಎಷ್ಟಕ್ಕೆ ಇಟ್ರೆ ಸರಿಹೋಗುತ್ತೆ?" ಫೌಂಡ್ರಿ, ಫೋರ್ಜಿಂಗ್, ಹೀಟ್ ಟ್ರೀಟ್‌ಮೆಂಟ್ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ಗನ್ ಎಂದರೆ ಮುಟ್ಟದೆ, ಇನ್‌ಫ್ರಾರೆಡ್ ವಿಕಿರಣ ನೋಡಿ ತಾಪಮಾನ ಹೇಳುವ ಪೈರೋಮೀಟರ್. ಬ್ಲ್ಯಾಕ್‌ಬಾಡಿ ಎಂದರೆ ಅದನ್ನು ಪರೀಕ್ಷಿಸಲು ಬಳಸುವ, ತನ್ನ ತಾಪಮಾನದಲ್ಲಿ ಸಾಧ್ಯವಿರುವಷ್ಟೂ ವಿಕಿರಣವನ್ನು ಹೆಚ್ಚುಕಮ್ಮಿ ಪೂರ್ತಿ ಸೂಸುವ ಫರ್ನೇಸ್. ಆ ಪೂರ್ತಿಯಲ್ಲಿ ಒಂದು ಮೈ ಎಷ್ಟು ಪಾಲು ಸೂಸುತ್ತದೆ ಎಂದು 0ರಿಂದ 1ರೊಳಗೆ ಹೇಳುವ ಅಂಕಿಯೇ ಎಮಿಸಿವಿಟಿ. ಎಮಿಸಿವಿಟಿ ತಿರುಗಿಸಿ ಅಂಕಿ ಹೊಂದಿಸಿದರೆ ತಪ್ಪು ಮುಚ್ಚಿಹೋಗುತ್ತದೆ ಅಷ್ಟೇ. ಇಂಥ ಎಷ್ಟೋ ಸಲ ಗನ್ ಕೆಟ್ಟಿರುವುದೇ ಇಲ್ಲ. ಒಂದೋ ಅದು ಫರ್ನೇಸ್ ಬಾಯಿಯ ಜೊತೆಗೆ ಸುತ್ತಲಿನ ತಣ್ಣಗಿನ ಗೋಡೆಯನ್ನೂ ನೋಡುತ್ತಿರುತ್ತದೆ, ಇಲ್ಲವೇ ನಾವು 1000 ಎಂದು ನಂಬಿದ ಅಂಕಿಯೇ 1000 ಆಗಿರುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಗನ್ನಿನ ಒಳಗೆ ಕೈ ಹಾಕುವುದು ಕಟ್ಟಕಡೆಯ ಕೆಲಸ.

ಇಲ್ಲಿ ಹೇಳಿರುವುದು ಸುಮಾರು 500ರಿಂದ 1500 ಡಿಗ್ರಿವರೆಗೆ ಬಳಸುವ ಕೈಗನ್ ಮತ್ತು ಸ್ಥಿರ ಪೈರೋಮೀಟರ್‌ಗಳಿಗೆ. ಬೇರೆ ಏನೂ ಹೇಳದಿದ್ದರೆ ಡಿಗ್ರಿ ಎಂದರೆ ಸೆಲ್ಸಿಯಸ್. ಜ್ವರ ನೋಡುವ ಗನ್, ಎಸಿ ಡಕ್ಟ್ ನೋಡುವ ಗನ್‌ಗಳ ವಿಷಯ ಬೇರೆ.

## ಮೊದಲು ಜೋಡಿಸಿಕೊಳ್ಳಬೇಕಾದವು

ಬ್ಲ್ಯಾಕ್‌ಬಾಡಿ ಫರ್ನೇಸ್. ಒಂದು ಕಡೆ ಮುಚ್ಚಿದ ಕೊಳವೆಯಂಥ ಕ್ಯಾವಿಟಿ ಇರುವುದೇ ಬೇಕು. ಸಿಲಿಕಾನ್ ಕಾರ್ಬೈಡ್ ಕ್ಯಾವಿಟಿ ಇರುವ ಫರ್ನೇಸ್‌ಗಳು 1500 ಡಿಗ್ರಿ ಆಸುಪಾಸಿನವರೆಗೆ ಸಿಗುತ್ತವೆ. ಅದಕ್ಕೂ ಬಹಳ ಮೇಲೆ ಹೋಗಬೇಕಾದರೆ ಗ್ರಾಫೈಟ್ ಕ್ಯಾವಿಟಿ ಬೇಕು, ಅದಕ್ಕೆ ಆರ್ಗಾನ್ ಗ್ಯಾಸ್ ಹರಿಸಬೇಕು. ಚಪ್ಪಟೆ ಪ್ಲೇಟ್ ಇರುವ ಮಾದರಿ ಈ ಕೆಲಸಕ್ಕೆ ಆಗುವುದಿಲ್ಲ.

ರೆಫರೆನ್ಸ್, ಅಂದರೆ ಗನ್ನನ್ನು ಹೋಲಿಸಿ ನೋಡಲು ನಿಜವಾದ ತಾಪಮಾನ ಹೇಳುವ ಉಪಕರಣ. 'ಎಸ್' ಅಥವಾ 'ಆರ್' ಟೈಪ್ ಪ್ಲಾಟಿನಂ ಥರ್ಮೋಕಪಲ್ (ಬಿಸಿಗೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡುವ ತಂತಿಜೋಡಿ), ಇಲ್ಲವೇ ಸ್ಟ್ಯಾಂಡರ್ಡ್ ಪೈರೋಮೀಟರ್. ಯಾವುದೇ ಆಗಲಿ, ಅದಕ್ಕೆ ಅವಧಿ ಮುಗಿಯದ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇರಬೇಕು. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಅಥವಾ ನೇರವಾಗಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದಾದರೆ ಒಳ್ಳೆಯದು.

ಉಳಿದವು. ಗಟ್ಟಿಯಾದ ಟ್ರೈಪಾಡ್ ಅಥವಾ ಅತ್ತಿತ್ತ, ಮೇಲೆ ಕೆಳಗೆ ಸ್ಕ್ರೂ ತಿರುಗಿಸಿ ಸರಿಸಬಹುದಾದ ಸ್ಟ್ಯಾಂಡ್. ಅಳತೆ ಟೇಪು. ಫರ್ನೇಸ್ ಬಾಯಿಗೆ ಅಡ್ಡ ಹಿಡಿಯಲು ಹೀಟ್ ಶೀಲ್ಡ್. ಬೇರೆ ಬೇರೆ ಅಳತೆಯ ತೂತುಗಳಿರುವ, ಕಪ್ಪು ಬಳಿದ ಲೋಹದ ಪ್ಲೇಟುಗಳು. ಮೈಕ್ರೋವೋಲ್ಟ್ ಓದಬಲ್ಲ ಮಲ್ಟಿಮೀಟರ್. ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿಮಾಡಿದ ಐಸ್ ಮತ್ತು ಡಿಸ್ಟಿಲ್ಡ್ ವಾಟರ್. ಲೆನ್ಸ್ ಟಿಶ್ಯೂ, ಐಸೊಪ್ರೊಪೈಲ್ ಆಲ್ಕೋಹಾಲ್.

ಸುರಕ್ಷತೆ ಬಗ್ಗೆ ಎರಡು ಮಾತು. ಕಾದ ಕ್ಯಾವಿಟಿಯನ್ನು ಬರಿಗಣ್ಣಲ್ಲಿ ದಿಟ್ಟಿಸಬೇಡಿ, ಇನ್‌ಫ್ರಾರೆಡ್ ತಡೆಯುವ ಕನ್ನಡಕ ಹಾಕಿ. ಆರ್ಗಾನ್ ಹರಿಸುವ ಫರ್ನೇಸ್ ಇದ್ದರೆ ಕೋಣೆಗೆ ಗಾಳಿ ಚೆನ್ನಾಗಿ ಆಡಬೇಕು. ಅದಕ್ಕೆ ವಾಸನೆಯಿಲ್ಲ, ಗೊತ್ತೇ ಆಗದೆ ಪ್ರಜ್ಞೆ ತಪ್ಪಬಹುದು.

## ಹಂತ 1: ಗನ್ ಬಂದ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ

ಮಾಡೆಲ್ ಮತ್ತು ಸೀರಿಯಲ್ ನಂಬರ್ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಸೆಟ್ಟಿಂಗ್‌ಗಳು. ಎಮಿಸಿವಿಟಿ ಎಷ್ಟಿತ್ತು? ಪೀಕ್ ಹೋಲ್ಡ್ ಆನ್ ಆಗಿತ್ತಾ? ಆವರೇಜಿಂಗ್ ಸಮಯ ಎಷ್ಟು? ಎರಡು ಬಣ್ಣದ ಪೈರೋಮೀಟರ್ (ಎರಡು ತರಂಗಾಂತರಗಳ ಸಿಗ್ನಲ್ ಅನುಪಾತದಿಂದ, ಅಂದರೆ ರೇಶಿಯೋದಿಂದ, ತಾಪಮಾನ ಹೇಳುವಂಥದ್ದು) ಆದರೆ ಯಾವ ಮೋಡ್‌ನಲ್ಲಿತ್ತು, ಸ್ಲೋಪ್ (ಆ ಎರಡು ತರಂಗಾಂತರಗಳ ಎಮಿಸಿವಿಟಿಯ ಅನುಪಾತ) ಎಷ್ಟಿತ್ತು? ಇದನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೂ ಸಾಕು. ಕೆಲಸ ಮುಗಿದ ಮೇಲೆ ಹಾಗೇ ವಾಪಸ್ ಇಡಬೇಕಲ್ವಾ? ಶಾಪ್‌ನಲ್ಲಿ 0.80ಕ್ಕೆ ಇಟ್ಟಿದ್ದ ಗನ್ ಲ್ಯಾಬ್‌ನಿಂದ 1.00 ಸೆಟ್ಟಿಂಗಿನಲ್ಲೇ ವಾಪಸ್ ಹೋದರೆ, ಮಾರನೇ ದಿನದಿಂದ ಬಿಲ್ಲೆಟ್ಟುಗಳ (ಕಾಯಿಸುವ ಲೋಹದ ದಿಮ್ಮಿಗಳ) ತಾಪಮಾನ ಎಲ್ಲವೂ ಕಮ್ಮಿ ಓದುತ್ತದೆ. ಆಪರೇಟರ್ ಬೆಂಕಿ ಜಾಸ್ತಿ ಮಾಡುತ್ತಾನೆ.

ಪೀಕ್ ಹೋಲ್ಡ್ ಆಫ್ ಮಾಡಿ. ಅದು ಆನ್ ಇದ್ದರೆ ಒಂದು ಕ್ಷಣ ಸಿಕ್ಕ ಹೆಚ್ಚಿನ ಅಂಕಿಯೇ ಪರದೆ ಮೇಲೆ ಕೂತಿರುತ್ತದೆ.

ಆಮೇಲೆ ಲೆನ್ಸ್ ನೋಡಿ. ಧೂಳು ಇದ್ದರೆ ತಕ್ಷಣ ಒರೆಸಬೇಡಿ. ಗ್ರಾಹಕರು ಇಷ್ಟು ದಿನ ಆ ಧೂಳಿನೊಂದಿಗೇ ಅಳೆದಿದ್ದಾರೆ, ಆ ತಪ್ಪು ಎಷ್ಟಿತ್ತು ಎಂದು ತಿಳಿಯುವುದು ಅವರಿಗೆ ಮುಖ್ಯ. ಒಂದು ತಾಪಮಾನದಲ್ಲಾದರೂ ಒರೆಸುವ ಮೊದಲಿನ ರೀಡಿಂಗ್ ತಗೊಳ್ಳಿ, ಆಮೇಲೆ ಒರೆಸಿ ಪೂರ್ತಿ ಸರಣಿ ಶುರುಮಾಡಿ. ಒರೆಸುವಾಗ ಮೊದಲು ಬ್ಲೋವರ್‌ನಿಂದ ಧೂಳು ಊದಿ, ನಂತರ ಆಲ್ಕೋಹಾಲ್ ಹಚ್ಚಿದ ಟಿಶ್ಯೂ. ಅಂಗಿಯ ತುದಿಯಿಂದ ಉಜ್ಜಿದರೆ ಲೆನ್ಸ್ ಕೋಟಿಂಗ್ ಕಿತ್ತುಹೋಗುತ್ತದೆ.

ಕೊನೆಗೆ ಗನ್ನನ್ನು ಲ್ಯಾಬ್ ಕೋಣೆಯಲ್ಲಿ ಅರ್ಧ ಗಂಟೆಯಾದರೂ ಬಿಡಿ. ಕಾರಿನ ಡಿಕ್ಕಿಯಲ್ಲಿ ಕಾದು ಬಂದ ಗನ್ನನ್ನು ನೇರ ಸ್ಟ್ಯಾಂಡಿಗೆ ಹತ್ತಿಸಿದರೆ ಅದರ ಡಿಟೆಕ್ಟರ್ ತಣ್ಣಗಾಗುವವರೆಗೂ ರೀಡಿಂಗ್ ಜಾರುತ್ತಲೇ ಇರುತ್ತದೆ.

## ಹಂತ 2: ದೂರ ಮತ್ತು ಸ್ಪಾಟ್ ಲೆಕ್ಕ

ಫರ್ನೇಸ್ ಆನ್ ಮಾಡುವ ಮೊದಲೇ ಈ ಲೆಕ್ಕ ಮುಗಿಸಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಗನ್ನಿನ ಮೇಲೆ 50:1 (ದೂರಕ್ಕೂ ಗನ್ ನೋಡುವ ವೃತ್ತಕ್ಕೂ, ಅಂದರೆ ಸ್ಪಾಟಿಗೂ, ಇರುವ ಅನುಪಾತ) ಎಂದಿದ್ದರೆ 1000 ಮಿಮೀ ದೂರದಲ್ಲಿ ಅದು 20 ಮಿಮೀ ಅಗಲದ ವೃತ್ತವನ್ನು ನೋಡುತ್ತದೆ. ಫರ್ನೇಸ್ ಬಾಯಿ 50 ಮಿಮೀ ಇದ್ದರೆ ಸ್ಪಾಟಿನ ಎರಡೂವರೆ ಪಟ್ಟು ಜಾಗ ಸಿಕ್ಕಿತು, ನಿಶ್ಚಿಂತೆ. ಈಗ 12:1ರ ಅಗ್ಗದ ಗನ್ ತಗೊಳ್ಳಿ. ಅದೇ ದೂರದಲ್ಲಿ ಅದರ ಸ್ಪಾಟ್ ಸುಮಾರು 83 ಮಿಮೀ. ಬಾಯಿಗಿಂತ ದೊಡ್ಡದು. ಅದು ಕ್ಯಾವಿಟಿಯ ಜೊತೆಗೆ ಫರ್ನೇಸಿನ ಮುಂಭಾಗದ ತಣ್ಣಗಿನ ತಗಡನ್ನೂ ನೋಡುತ್ತಿದೆ. ನೂರಾರು ಡಿಗ್ರಿ ಕಮ್ಮಿ ತೋರಿಸಿದರೂ ಆಶ್ಚರ್ಯವಿಲ್ಲ.

ಹಾಗಾದರೆ ಹತ್ತಿರ ತಂದರಾಯ್ತು ಅಂತೀರಾ? 300 ಮಿಮೀಗೆ ತಂದರೆ ಸ್ಪಾಟ್ 25 ಮಿಮೀ ಆಗುತ್ತದೆ, ಸರಿ. ಆದರೆ 1000 ಡಿಗ್ರಿಯ 50 ಮಿಮೀ ಬಾಯಿಯಿಂದ ಹೊರಬರುವ ಶಾಖ ಸುಮಾರು 290 ವ್ಯಾಟ್. 300 ಮಿಮೀ ದೂರದಲ್ಲಿ ಅದು ಚದರ ಮೀಟರಿಗೆ ಸಾವಿರ ವ್ಯಾಟ್ ಲೆಕ್ಕದಲ್ಲಿ ಬೀಳುತ್ತದೆ, ಅಂದರೆ ಮಟಮಟ ಮಧ್ಯಾಹ್ನದ ಬಿಸಿಲಿನಷ್ಟು. ಹೀಟ್ ಶೀಲ್ಡ್ ಇಲ್ಲದೆ ಹತ್ತು ನಿಮಿಷ ಇಟ್ಟರೆ ಗನ್ನೇ ಬಿಸಿಯಾಗಿ ರೀಡಿಂಗ್ ಕೆಡುತ್ತದೆ. ಹತ್ತಿರ ಇಡಲೇಬೇಕಾದರೆ ಶೀಲ್ಡ್ ಅಡ್ಡ ಇಟ್ಟುಕೊಂಡಿರಿ, ರೀಡಿಂಗ್ ತೆಗೆಯುವ ಕೆಲವು ಸೆಕೆಂಡು ಮಾತ್ರ ಸರಿಸಿ.

ಇನ್ನೊಂದು ಸೂಕ್ಷ್ಮ ಇದೆ. ಈ 50:1 ಎಂಬ ಅಂಕಿಯನ್ನು ಸಾಮಾನ್ಯವಾಗಿ ಶೇ. 90ರಷ್ಟು ಶಕ್ತಿ ಬರುವ ವೃತ್ತಕ್ಕೆ ಕೊಟ್ಟಿರುತ್ತಾರೆ. ಉಳಿದದ್ದು ಆ ವೃತ್ತದ ಹೊರಗಿನಿಂದ ಬರುತ್ತದೆ. ಹಾಗಾಗಿ ಬಾಯಿ ಸ್ಪಾಟಿನ ಎರಡು ಪಟ್ಟಾದರೂ ಇರಲಿ. ಕ್ಯಾವಿಟಿಯ ಹಿಂಗೋಡೆ ಬಾಯಿಗಿಂತ ದೂರದಲ್ಲಿದೆ ಎಂಬುದನ್ನೂ ಮರೆಯಬೇಡಿ. ಫೋಕಸ್ ದೂರ ದಾಟಿದ ಮೇಲೆ ಸ್ಪಾಟ್ ಮತ್ತೆ ಅಗಲವಾಗುತ್ತದೆ. ಬಾಯಿಯಲ್ಲೂ ಹಿಂಗೋಡೆಯಲ್ಲೂ ಅದು ಒಳಗೇ ಕೂರಬೇಕು.

ದೂರವನ್ನು ಲೆನ್ಸಿನಿಂದ ಕ್ಯಾವಿಟಿ ಬಾಯಿಯವರೆಗೆ ಅಳೆದು ಬರೆಯಿರಿ. ಆ ಅಂಕಿ ಇಲ್ಲದ ಸರ್ಟಿಫಿಕೇಟ್ ಅರ್ಧ ಸರ್ಟಿಫಿಕೇಟ್.

## ಹಂತ 3: ರೆಫರೆನ್ಸ್ ಸರಿಯಾಗಿ ಕೂರಿಸಿ

ಫರ್ನೇಸಿನ ಕಂಟ್ರೋಲರ್ ಡಿಸ್‌ಪ್ಲೇ ರೆಫರೆನ್ಸ್ ಅಲ್ಲ. ಅದರ ಥರ್ಮೋಕಪಲ್ ಹೀಟರ್ ಪಕ್ಕದಲ್ಲಿರುತ್ತದೆ. ಹೀಟರ್ ನಿಯಂತ್ರಿಸುವುದು ಅದರ ಕೆಲಸ, ಕ್ಯಾವಿಟಿ ಹಿಂಗೋಡೆಯ ತಾಪಮಾನ ಹೇಳುವುದಲ್ಲ. ಎರಡರ ನಡುವೆ ಹತ್ತಾರು ಡಿಗ್ರಿ ವ್ಯತ್ಯಾಸ ಇರಬಹುದು.

ರೆಫರೆನ್ಸ್ ಥರ್ಮೋಕಪಲ್‌ನ ತುದಿ ಹಿಂಗೋಡೆಗೆ ಹಿಂದಿನಿಂದ ತಾಗುವಂತೆ ಅಥವಾ ಅದಕ್ಕಾಗಿಯೇ ಕೊರೆದ ತೂತಿನ ತಳದಲ್ಲಿ ಕೂರಬೇಕು. ಪ್ಲಾಟಿನಂ ತಂತಿಗೆ ಅಲ್ಯುಮಿನಾ ಕವಚ ಕಡ್ಡಾಯ. ಬರಿಯ ಪ್ಲಾಟಿನಂ ಬಿಸಿ ಸಿಲಿಕಾನ್ ಕಾರ್ಬೈಡ್‌ಗೆ ತಾಗಿದರೆ ಸಿಲಿಕಾನ್ ಸೇರಿಕೊಂಡು ತಂತಿ ಹಾಳಾಗುತ್ತದೆ. ದುಬಾರಿ ಪಾಠ ಅದು.

ನಿಕಲ್ ಮಿಶ್ರಲೋಹದ ಅಗ್ಗದ 'ಕೆ' ಟೈಪ್ ಥರ್ಮೋಕಪಲ್ ಸಾಕಾಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಎರಡನೇ ದರ್ಜೆಯ 'ಕೆ' ಟೈಪ್‌ಗೆ 1000 ಡಿಗ್ರಿಯಲ್ಲಿ ಅನುಮತಿಸಿದ ತಪ್ಪೇ 7.5 ಡಿಗ್ರಿ. ಮೇಲಾಗಿ ಆ ಬಿಸಿಯಲ್ಲಿ ಅದು ದಿನ ಕಳೆದಂತೆ ಜಾರುತ್ತದೆ. ಶೇ. 0.5 ನಿಖರತೆಯ ಪೈರೋಮೀಟರಿಗೆ ಅದು ರೆಫರೆನ್ಸ್ ಆಗಲಾರದು.

ಇನ್ನು ವೈರಿಂಗ್. 'ಎಸ್' ಟೈಪ್‌ನ ಸಿಗ್ನಲ್ ತೀರಾ ಸಣ್ಣದು, 1000 ಡಿಗ್ರಿ ಹತ್ತಿರ ಒಂದು ಡಿಗ್ರಿಗೆ ಬರೀ 11.5 ಮೈಕ್ರೋವೋಲ್ಟ್. ಫರ್ನೇಸ್ ಹಿಂದಿನ ಟರ್ಮಿನಲ್‌ನಿಂದ ಮೀಟರ್‌ವರೆಗೆ ಕಾಂಪೆನ್ಸೇಟಿಂಗ್ ಕೇಬಲ್ (ಥರ್ಮೋಕಪಲ್ ತಂತಿಯಷ್ಟೇ ವೋಲ್ಟೇಜ್ ಕೊಡುವ ಕೇಬಲ್) ಬದಲು ಮಾಮೂಲಿ ತಾಮ್ರದ ವೈರ್ ಎಳೆದಿದ್ದಾರೆ ಎಂದುಕೊಳ್ಳಿ. ಟರ್ಮಿನಲ್ 45 ಡಿಗ್ರಿಯಲ್ಲಿದೆ, ಮೀಟರ್ 25ರಲ್ಲಿದೆ. ಅಷ್ಟಕ್ಕೇ ರೆಫರೆನ್ಸ್ ಸುಮಾರು 11 ಡಿಗ್ರಿ ಕಮ್ಮಿ ಓದುತ್ತದೆ. ಸರಿಯಾಗಿರುವ ಗನ್ 11 ಡಿಗ್ರಿ ಜಾಸ್ತಿ ತೋರಿಸಿದಂತೆ ಕಾಣುತ್ತದೆ, ಯಾರೋ ಅದನ್ನು 'ಸರಿ' ಮಾಡಿಬಿಡುತ್ತಾರೆ. ಕೇಬಲ್‌ನ ಎರಡು ಎಳೆ ಅದಲು ಬದಲಾದರೂ ಇಂಥದ್ದೇ ಫಜೀತಿ. ಐಸ್ ಬಾತ್ ಇಟ್ಟು ಕೋಲ್ಡ್ ಜಂಕ್ಷನ್ (ಥರ್ಮೋಕಪಲ್‌ನ ತಣ್ಣಗಿನ ತುದಿಯನ್ನು 0 ಡಿಗ್ರಿಯಲ್ಲಿ ಹಿಡಿಯುವುದು) ಮಾಡಿಕೊಂಡರೆ ಈ ತಲೆನೋವು ಬಹುಪಾಲು ಹೋಗುತ್ತದೆ. ಫ್ಲಾಸ್ಕಿನಲ್ಲಿ ಐಸ್ ಕರಗಿ ಬರೀ ನೀರಾಗದಂತೆ ನೋಡಿಕೊಳ್ಳಿ.

1100 ಡಿಗ್ರಿ ದಾಟಿದ ಮೇಲೆ ಸ್ಟ್ಯಾಂಡರ್ಡ್ ಪೈರೋಮೀಟರನ್ನೇ ರೆಫರೆನ್ಸ್ ಮಾಡಿಕೊಳ್ಳುವುದು ನನಗೆ ಹೆಚ್ಚು ಹಿಡಿಸುತ್ತದೆ. ಅದೂ ಅದೇ ಬಾಯಿಯನ್ನೇ ನೋಡುವುದರಿಂದ ಹಿಂಗೋಡೆಯ ಮುಂಭಾಗಕ್ಕೂ ಥರ್ಮೋಕಪಲ್ ತುದಿಗೂ ಇರುವ ವ್ಯತ್ಯಾಸದ ಚಿಂತೆ ಇರುವುದಿಲ್ಲ. ಅಂತರರಾಷ್ಟ್ರೀಯ ತಾಪಮಾನ ಮಾಪಕದಲ್ಲೂ ಬೆಳ್ಳಿ ಗಟ್ಟಿಯಾಗುವ 961.78 ಡಿಗ್ರಿಯಿಂದ ಮೇಲಕ್ಕೆ ತಾಪಮಾನವನ್ನು ನಿಗದಿ ಮಾಡುವುದು ವಿಕಿರಣದ ಮೂಲಕವೇ.

## ಹಂತ 4: ಯಾವ ತಾಪಮಾನಗಳು?

ಕನಿಷ್ಠ ಮೂರು. ಗನ್ ಮೇಲೆ 600ರಿಂದ 1600 ಎಂದು ಬರೆದಿದೆ ಅಂತ ಎರಡು ತುದಿಗಳನ್ನು ಹಿಡಿಯಬೇಡಿ. ಶಾಪ್‌ನಲ್ಲಿ ಅದು 800ರಿಂದ 950 ನೋಡುತ್ತದೆ ಎಂದರೆ 700, 850, 1000 ಸಾಕು. ಬಳಸುವ ವ್ಯಾಪ್ತಿಯನ್ನು ಎರಡೂ ಕಡೆಯಿಂದ ಸ್ವಲ್ಪ ದಾಟಿದರಾಯ್ತು.

1 ಮೈಕ್ರಾನ್ ಗನ್ನನ್ನು (1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ, ತರಂಗಾಂತರದಲ್ಲಿ ನೋಡುವ ಗನ್) ಅದರ ಕೆಳತುದಿಯಲ್ಲಿ ಪರೀಕ್ಷಿಸುವಾಗ ಅಂಕಿ ಕುಣಿದರೆ ಗಾಬರಿ ಬೇಡ. ಆ ತರಂಗಾಂತರದಲ್ಲಿ 600 ಡಿಗ್ರಿಯ ಸಿಗ್ನಲ್ 1000 ಡಿಗ್ರಿಯ ಸಿಗ್ನಲ್‌ನ ಸುಮಾರು 180ನೇ ಒಂದು ಭಾಗ ಮಾತ್ರ.

ಕೆಳಗಿನಿಂದ ಮೇಲಕ್ಕೆ ಹೋಗಿ. ಕೊನೆಯಲ್ಲಿ ಮಧ್ಯದ ತಾಪಮಾನಕ್ಕೆ ಒಮ್ಮೆ ವಾಪಸ್ ಬಂದು ಮತ್ತೆ ಅಳೆಯಿರಿ.

## ಹಂತ 5: ಕಾಯಿಸಿ, ಕಾಯಿರಿ

ಫರ್ನೇಸ್ ತಯಾರಕರು ಹೇಳಿದ ವೇಗ ಮೀರಿ ಕಾಯಿಸಬೇಡಿ. ಸೆರಾಮಿಕ್ ಕೊಳವೆ ಬಿರುಕು ಬಿಟ್ಟರೆ ಅದನ್ನು ಬದಲಿಸುವುದೇ ದಾರಿ.

ಕಂಟ್ರೋಲರ್ ಸೆಟ್‌ಪಾಯಿಂಟ್ ಮುಟ್ಟಿದ ತಕ್ಷಣ ರೀಡಿಂಗ್ ತೆಗೆಯುವುದು ಸಾಮಾನ್ಯ ತಪ್ಪು. ಹೀಟರ್ ತಲುಪಿದೆ, ಕ್ಯಾವಿಟಿ ಇನ್ನೂ ತಲುಪಿಲ್ಲ. ರೆಫರೆನ್ಸ್ ರೀಡಿಂಗ್ ಹತ್ತು ನಿಮಿಷದಲ್ಲಿ ಅರ್ಧ ಡಿಗ್ರಿಗಿಂತ ಜಾಸ್ತಿ ಅಲುಗಾಡದೆ ನಿಂತ ಮೇಲೆ ಮಾತ್ರ ಮುಂದುವರಿಯಿರಿ. ಪ್ರತಿ ತಾಪಮಾನಕ್ಕೂ ಇದಕ್ಕೆ ಅರ್ಧದಿಂದ ಒಂದು ಗಂಟೆ ಹಿಡಿಯಬಹುದು. ಅರ್ಧ ದಿನದಲ್ಲಿ ಐದು ಗನ್ ಮುಗಿಸಿಕೊಡಿ ಎಂದು ಮೇಲಿನವರು ಹೇಳಿದರೆ ಈ ಲೆಕ್ಕ ತೋರಿಸಿ.

ಕ್ಯಾವಿಟಿ ಸಮನಾಗಿ ಕಾದಿದೆಯೇ ಎಂದು ನೋಡಲು ಸುಲಭದ ಸುಳಿವೊಂದಿದೆ. ಕನ್ನಡಕ ಹಾಕಿಕೊಂಡು ಕ್ಷಣಕಾಲ ಒಳಗೆ ನೋಡಿ. ಹಿಂಗೋಡೆ, ಪಕ್ಕದ ಗೋಡೆ, ಮೂಲೆ ಎಲ್ಲ ಒಂದೇ ಬಣ್ಣದಲ್ಲಿ ಬೆರೆತು ಆಕಾರವೇ ಕಾಣದಂತಿದ್ದರೆ ಒಳ್ಳೆಯ ಲಕ್ಷಣ. ಹಿಂಗೋಡೆಯ ಅಂಚು ಗೆರೆ ಎಳೆದಂತೆ ಕಂಡರೆ, ಅಥವಾ ಒಂದು ಪಕ್ಕ ಮಂಕಾಗಿದ್ದರೆ, ಒಳಗೆ ತಾಪಮಾನ ಸಮನಾಗಿಲ್ಲ. ಹೀಟರ್ ಒಂದು ಕೆಟ್ಟಿರಬಹುದು, ಕೊಳವೆ ಸರಿದಿರಬಹುದು. ಅಲ್ಲಿಗೇ ನಿಲ್ಲಿಸಿ.

ಫ್ಯಾನ್ ಮತ್ತು ಎಸಿ ಗಾಳಿ ನೇರ ಫರ್ನೇಸ್ ಬಾಯಿಗೆ ಬೀಸದಿರಲಿ.

## ಹಂತ 6: ಎಮಿಸಿವಿಟಿ 1.00ಕ್ಕೆ

ಒಳ್ಳೆಯ ಕ್ಯಾವಿಟಿಯ ಎಮಿಸಿವಿಟಿ 0.99ರ ಮೇಲಿರುತ್ತದೆ. ಗನ್ನನ್ನು 1.00ಕ್ಕೆ ಇಡಿ. ಕ್ಯಾವಿಟಿಯ ಸರ್ಟಿಫಿಕೇಟಿನಲ್ಲಿ ಬೇರೆ ಅಂಕಿ, ಉದಾಹರಣೆಗೆ 0.995 ಇದ್ದರೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ. ಎರಡು ಬಣ್ಣದ ಪೈರೋಮೀಟರಿನಲ್ಲಿ ಸ್ಲೋಪ್ 1.000.

ಕೆಲವು ಅಗ್ಗದ ಗನ್‌ಗಳಲ್ಲಿ ಎಮಿಸಿವಿಟಿ 0.95ಕ್ಕೆ ಬೀಗ ಹಾಕಿದಂತೆ ಇರುತ್ತದೆ. ಅಂಥ ಗನ್ ಬ್ಲ್ಯಾಕ್‌ಬಾಡಿ ಮುಂದೆ ಜಾಸ್ತಿ ಓದಲೇಬೇಕು, ಅದು ತಪ್ಪಲ್ಲ. ಎಷ್ಟು ಜಾಸ್ತಿ? ಅದು ತರಂಗಾಂತರದ ಮೇಲಿದೆ. 1000 ಡಿಗ್ರಿಯಲ್ಲಿ 1 ಮೈಕ್ರಾನ್ ಗನ್ ಸುಮಾರು 6 ಡಿಗ್ರಿ ಜಾಸ್ತಿ ಓದಿದರೆ, 8–14 ಮೈಕ್ರಾನ್ ಗನ್ ಸುಮಾರು 40 ಡಿಗ್ರಿ ಜಾಸ್ತಿ ಓದುತ್ತದೆ.

ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದೆ ದೋಷ ಹುಡುಕುವಾಗ ಬೇಕಾಗುತ್ತದೆ. 1000 ಡಿಗ್ರಿಯಲ್ಲಿ ಎಮಿಸಿವಿಟಿ ಶೇ. 1ರಷ್ಟು ತಪ್ಪಿದರೆ ಬರುವ ದೋಷ ಹೀಗಿದೆ:

- 1 ಮೈಕ್ರಾನ್: 1.1 ಡಿಗ್ರಿ
- 1.6 ಮೈಕ್ರಾನ್: 1.8 ಡಿಗ್ರಿ
- 3.9 ಮೈಕ್ರಾನ್: 4 ಡಿಗ್ರಿಗಿಂತ ತುಸು ಜಾಸ್ತಿ
- 10 ಮೈಕ್ರಾನ್: 7.6 ಡಿಗ್ರಿ

ಹೆಚ್ಚಿನ ತಾಪಮಾನಕ್ಕೆ ಸಣ್ಣ ತರಂಗಾಂತರದ ಗನ್ ಕೊಳ್ಳಿ ಎಂದು ಹೇಳುವುದು ಇದಕ್ಕೇ.

## ಹಂತ 7: ಗುರಿ ಹಿಡಿಯುವುದು

ಲೇಸರ್ ಚುಕ್ಕೆ ನಂಬಬೇಡಿ. 1000 ಡಿಗ್ರಿಯ ಹೊಳಪಿನಲ್ಲಿ ಕೆಂಪು ಚುಕ್ಕೆ ಕಾಣುವುದೇ ಕಷ್ಟ. ಕಂಡರೂ ಎಷ್ಟೋ ಗನ್‌ಗಳಲ್ಲಿ ಲೇಸರ್ ಲೆನ್ಸಿನ ಪಕ್ಕದಲ್ಲಿ ಕೂತಿರುತ್ತದೆ. ಹತ್ತಿರದ ದೂರದಲ್ಲಿ ಅದು ತೋರಿಸುವ ಜಾಗ ಒಂದು, ಗನ್ ನೋಡುವ ಜಾಗ ಇನ್ನೊಂದು.

ರೀಡಿಂಗ್‌ನಿಂದಲೇ ಮಧ್ಯ ಹುಡುಕಿ:

1. ಗನ್ ಕ್ಯಾವಿಟಿಯ ಅಕ್ಷಕ್ಕೆ ನೇರವಾಗಿರಲಿ. ಓರೆಯಾಗಿ ನೋಡಿದರೆ ಹಿಂಗೋಡೆ ಬದಲು ಪಕ್ಕದ ಗೋಡೆ ಕಾಣುತ್ತದೆ.
2. ಗನ್ನನ್ನು ನಿಧಾನವಾಗಿ ಎಡಕ್ಕೆ ಸರಿಸಿ. ರೀಡಿಂಗ್ ಶೇ. 1ರಷ್ಟು ಇಳಿದ ಜಾಗವನ್ನು ಸ್ಟ್ಯಾಂಡಿನ ಸ್ಕೇಲ್ ಮೇಲೆ ಗುರುತಿಸಿ.
3. ಬಲಕ್ಕೂ ಹಾಗೇ ಮಾಡಿ. ಎರಡು ಗುರುತುಗಳ ನಟ್ಟನಡುವೆ ನಿಲ್ಲಿಸಿ.
4. ಮೇಲೆ ಕೆಳಗೆ ಇದನ್ನೇ ಮಾಡಿ, ಆಮೇಲೆ ಮತ್ತೊಮ್ಮೆ ಅಡ್ಡಕ್ಕೆ ಪರೀಕ್ಷಿಸಿ.

ಎರಡು ಗುರುತುಗಳ ನಡುವೆ ರೀಡಿಂಗ್ ಸಮತಟ್ಟಾಗಿ ನಿಲ್ಲಬೇಕು. ಸಮತಟ್ಟು ಜಾಗವೇ ಇಲ್ಲದೆ ಏರಿ ತಕ್ಷಣ ಇಳಿದರೆ ಸ್ಪಾಟ್ ಬಾಯಿಗಿಂತ ದೊಡ್ಡದಿದೆ ಎಂದರ್ಥ. ಹಂತ 2ಕ್ಕೆ ವಾಪಸ್ ಹೋಗಿ.

ಈಗ ತೂತಿನ ಪ್ಲೇಟು ತಗೊಳ್ಳಿ. ಬಾಯಿಯ ಮುಂದೆ 40 ಮಿಮೀ ತೂತು, ಆಮೇಲೆ 30 ಮಿಮೀ ತೂತು ಇಟ್ಟು ರೀಡಿಂಗ್ ಎಷ್ಟು ಇಳಿಯುತ್ತದೆ ನೋಡಿ. ಒಂದೆರಡು ಡಿಗ್ರಿ ಇಳಿಯುವುದು ಸಹಜ, ಅದನ್ನು ಅನಿಶ್ಚಿತತೆಯಲ್ಲಿ ಸೇರಿಸಿ. ಹತ್ತು ಡಿಗ್ರಿ ಇಳಿದರೆ ಗನ್ನಿನ ಆಪ್ಟಿಕ್ಸ್ ಕೊಳಕಾಗಿದೆ ಅಥವಾ ಫೋಕಸ್ ತಪ್ಪಿದೆ. ಪ್ಲೇಟನ್ನು ತುಂಬ ಹೊತ್ತು ಅಲ್ಲೇ ಬಿಡಬೇಡಿ, ಅದೇ ಕಾದು ಹೊಳೆಯಲು ಶುರುವಾದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಗನ್ನಿಗೂ ಬಾಯಿಗೂ ನಡುವೆ ಗಾಜು ಇರಲೇಬಾರದು. 8–14 ಮೈಕ್ರಾನ್ ಗನ್ನಿಗೆ ಮಾಮೂಲಿ ಗಾಜು ಗೋಡೆ ಇದ್ದಂತೆ, ಒಳಗಿನದ್ದು ಕಾಣುವುದೇ ಇಲ್ಲ. 1 ಮೈಕ್ರಾನ್ ಗನ್ನಿಗೆ ಗಾಜು ಪಾರದರ್ಶಕ ನಿಜ, ಆದರೆ ಎರಡು ಮೈಯಿಂದ ಸೇರಿ ಸುಮಾರು ಶೇ. 8ರಷ್ಟು ಬೆಳಕು ಪ್ರತಿಫಲಿಸಿ ಹೋಗುತ್ತದೆ. 1000 ಡಿಗ್ರಿಯಲ್ಲಿ ಅದು 9 ಡಿಗ್ರಿ ದೋಷ. ಶಾಪ್‌ನಲ್ಲಿ ಪೈರೋಮೀಟರ್ ಕಿಟಕಿ ಗಾಜಿನ ಮೂಲಕವೇ ನೋಡುವುದಾದರೆ ಆ ಗಾಜನ್ನೂ ಜೊತೆಗೇ ತರಿಸಿಕೊಂಡು ಗಾಜಿನೊಂದಿಗೆ ಒಮ್ಮೆ, ಇಲ್ಲದೆ ಒಮ್ಮೆ ಅಳೆಯಿರಿ.

## ಹಂತ 8: ರೀಡಿಂಗ್ ತೆಗೆಯುವ ಕ್ರಮ

ರೆಫರೆನ್ಸ್, ಗನ್, ಗನ್, ರೆಫರೆನ್ಸ್. ಈ ಕ್ರಮದಲ್ಲಿ ತಗೊಂಡರೆ ಫರ್ನೇಸ್ ನಿಧಾನವಾಗಿ ಜಾರುತ್ತಿದ್ದರೂ ಸರಾಸರಿಯಲ್ಲಿ ಅದು ಕಳೆದುಹೋಗುತ್ತದೆ. ಪ್ರತಿ ತಾಪಮಾನದಲ್ಲಿ ಗನ್ನಿನ ಹತ್ತು ರೀಡಿಂಗ್ ಆದರೂ ಇರಲಿ, ನಡುವೆ ಅರ್ಧ ನಿಮಿಷ ಬಿಡಿ. ಒಂದು ಸುತ್ತು ಹೀಗೆ ಕಾಣುತ್ತದೆ ಎಂದಿಟ್ಟುಕೊಳ್ಳಿ:

- ರೆಫರೆನ್ಸ್: 1001.8
- ಗನ್: 997, 998, 997
- ರೆಫರೆನ್ಸ್: 1002.0

ರೆಫರೆನ್ಸ್ ಸರಾಸರಿ 1001.9, ಗನ್ ಸರಾಸರಿ 997.3. ದೋಷ −4.6 ಡಿಗ್ರಿ. ಸೆಟ್‌ಪಾಯಿಂಟ್ 1000 ಇತ್ತು, ಆದರೆ ಲೆಕ್ಕದಲ್ಲಿ ಅದು ಎಲ್ಲೂ ಬರಲಿಲ್ಲ ನೋಡಿ. 1000 ಕಳೆದು −2.7 ಎಂದು ಬರೆಯುವವರೂ ಇದ್ದಾರೆ.

ಒಂದು ಸುತ್ತು ಮುಗಿದ ಮೇಲೆ ಗನ್ನನ್ನು ಸ್ಟ್ಯಾಂಡಿನಿಂದ ಇಳಿಸಿ, ಮತ್ತೆ ಹತ್ತಿಸಿ, ಗುರಿ ಹಿಡಿದು ಇನ್ನೊಂದು ಸುತ್ತು ತೆಗೆಯಿರಿ. ಗುರಿ ಹಿಡಿಯುವುದರಲ್ಲೇ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಆಗ ಗೊತ್ತಾಗುತ್ತದೆ. ಅನುಮಾನದ ರೀಡಿಂಗ್ ಬಂದರೆ ಹೊಡೆದು ಹಾಕಬೇಡಿ, ಪಕ್ಕದಲ್ಲಿ ಕಾರಣ ಬರೆಯಿರಿ.

## ಹಂತ 9: ದೋಷ ಏನು ಹೇಳುತ್ತಿದೆ?

ಅಂಕಿಗಳು ಕೈಗೆ ಬಂದವು. ಅಡ್ಜಸ್ಟ್‌ಮೆಂಟ್ ಮೆನು ತೆರೆಯುವ ಮೊದಲು ದೋಷ ಹೇಗೆ ಬೆಳೆಯುತ್ತಿದೆ ನೋಡಿ.

ತಾಪಮಾನದ ಜೊತೆ ದೋಷ ಬೆಳೆಯುತ್ತಿದೆ. ಬೆಳಕು ಒಂದೇ ಪ್ರಮಾಣದಲ್ಲಿ ಕಮ್ಮಿಯಾಗುತ್ತಿದ್ದರೆ ಸಣ್ಣ ತರಂಗಾಂತರದ ಗನ್ನಿನ ದೋಷ ಕೆಲ್ವಿನ್ ತಾಪಮಾನದ ವರ್ಗಕ್ಕೆ ತಕ್ಕಂತೆ ಏರುತ್ತದೆ. 700 ಡಿಗ್ರಿಯಲ್ಲಿ −3 ಇದ್ದದ್ದು 1000ದಲ್ಲಿ −5, 1200ರಲ್ಲಿ ಸುಮಾರು −7. ಈ ನಡೆ ಕಂಡರೆ ಕೊಳಕು ಲೆನ್ಸ್, ಮರೆತ ಕಿಟಕಿ ಗಾಜು ಅಥವಾ ತಪ್ಪು ಎಮಿಸಿವಿಟಿ ಸೆಟ್ಟಿಂಗ್ ಹುಡುಕಿ.

ಎಲ್ಲ ತಾಪಮಾನದಲ್ಲೂ ಹೆಚ್ಚುಕಮ್ಮಿ ಒಂದೇ ದೋಷ. ರೆಫರೆನ್ಸ್ ಕಡೆ ನೋಡಿ. ಕೋಲ್ಡ್ ಜಂಕ್ಷನ್, ಕೇಬಲ್, ಮೀಟರಿನ ಜೀರೊ.

ದೂರ ಬದಲಿಸಿದರೆ ದೋಷ ಬದಲಾಗುತ್ತದೆ. ಸ್ಪಾಟ್ ಸಮಸ್ಯೆ. ಬೇರೇನೂ ಹುಡುಕುವ ಮೊದಲು ಹಂತ 2 ಮತ್ತು 7.

ಗನ್ ನಿಂತಲ್ಲೇ ನಿಂತು ರೀಡಿಂಗ್ ಒಂದೇ ದಿಕ್ಕಿಗೆ ಸರಿಯುತ್ತಿದೆ, ರೆಫರೆನ್ಸ್ ಸ್ಥಿರವಾಗಿದೆ. ಗನ್ ಕಾಯುತ್ತಿದೆ. ಶೀಲ್ಡ್ ಹಾಕಿ, ತಣಿಯಲು ಬಿಡಿ.

ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಹಂತ 5ರಲ್ಲಿ ಆತುರ ಮಾಡಿದ್ದೀರಿ.

ಬೇರೆ ಬೇರೆ ಕಂಪನಿಯ ಗನ್‌ಗಳೆಲ್ಲ ಒಂದೇ ದಿಕ್ಕಿನಲ್ಲಿ ತಪ್ಪುತ್ತಿವೆ. ಎಲ್ಲವೂ ಒಟ್ಟಿಗೆ ಕೆಟ್ಟಿರಲಾರವು. ಫರ್ನೇಸ್ ಅಥವಾ ರೆಫರೆನ್ಸ್ ನಿಲ್ಲಿಸಿ ಪರೀಕ್ಷಿಸಿ.

ಎರಡು ಬಣ್ಣದ ಪೈರೋಮೀಟರ್ ಒಂಟಿ ಮೋಡ್‌ನಲ್ಲಿ ಸರಿ, ರೇಶಿಯೋ ಮೋಡ್‌ನಲ್ಲಿ ತಪ್ಪು. ಸ್ಲೋಪ್ ಸೆಟ್ಟಿಂಗ್ ನೋಡಿ. ಅದು 1.000 ಇದ್ದೂ ತಪ್ಪಿದರೆ, ಎರಡು ಬಣ್ಣಗಳಲ್ಲಿ ಒಂದನ್ನು ಜಾಸ್ತಿ ತಡೆಯುವ ಏನೋ ದಾರಿಯಲ್ಲಿದೆ ಅಥವಾ ಒಂದು ಡಿಟೆಕ್ಟರ್ ದುರ್ಬಲವಾಗಿದೆ.

## ಹಂತ 10: ಅನಿಶ್ಚಿತತೆ ಲೆಕ್ಕ

ಇದನ್ನು ಕಂಡರೆ ಜನ ಸುಮ್ನೆ ಹೆದರುತ್ತಾರೆ. ಪ್ರತಿ ಮೂಲದಿಂದ ಬರಬಹುದಾದ ಅನುಮಾನವನ್ನು ಬರೆದು, ಎಲ್ಲವನ್ನೂ ಒಂದೇ ಅಳತೆಗೆ ತಂದು, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುವುದು ಅಷ್ಟೇ. ಹಂತ 8ರ ಗನ್ 1 ಮೈಕ್ರಾನಿನದು ಎಂದುಕೊಂಡರೆ ಅದಕ್ಕೆ 1000 ಡಿಗ್ರಿಯಲ್ಲಿ ಒಂದು ಮಾದರಿ ಲೆಕ್ಕ, ಡಿಗ್ರಿಗಳಲ್ಲಿ:

- ರೆಫರೆನ್ಸ್ ಸರ್ಟಿಫಿಕೇಟಿನಲ್ಲಿ 1.5, ಎರಡರಿಂದ ಭಾಗಿಸಿ 0.75
- ಕ್ಯಾವಿಟಿಯೊಳಗಿನ ತಾಪಮಾನ ವ್ಯತ್ಯಾಸ ±1.0, 3ರ ವರ್ಗಮೂಲದಿಂದ ಭಾಗಿಸಿ 0.58
- ಫರ್ನೇಸ್ ಸ್ಥಿರತೆ 0.30
- ಕ್ಯಾವಿಟಿ ಎಮಿಸಿವಿಟಿ ±0.005, ಅಂದರೆ ±0.56 ಡಿಗ್ರಿ, ಅದನ್ನೂ 3ರ ವರ್ಗಮೂಲದಿಂದ ಭಾಗಿಸಿದಾಗ 0.33
- ತೂತಿನ ಅಳತೆಯ ಪರಿಣಾಮ 0.50
- ಗನ್ 1 ಡಿಗ್ರಿ ಹೆಜ್ಜೆಯಲ್ಲಿ ತೋರಿಸುವುದರಿಂದ 0.29
- ರೀಡಿಂಗ್‌ಗಳ ಚದುರುವಿಕೆ 0.40

ಒಟ್ಟು 1.26. ಸುಮಾರು ಶೇ. 95 ಭರವಸೆಗೆ ಅದನ್ನು ಎರಡರಿಂದ ಗುಣಿಸಿದರೆ 2.5 ಡಿಗ್ರಿ. ನಿಮ್ಮ ಅಂಕಿಗಳು ನಿಮ್ಮ ಫರ್ನೇಸಿನಿಂದಲೇ ಬರಬೇಕು, ಇವನ್ನೇ ಹಾಗೇ ನಕಲು ಮಾಡಬೇಡಿ.

ಈಗ ತೀರ್ಮಾನ. ಗನ್ನಿನ ನಿಖರತೆ ರೀಡಿಂಗಿನ ಶೇ. 0.5 ಎಂದು ತಯಾರಕರು ಹೇಳಿದ್ದಾರೆ, ಅಂದರೆ ±5 ಡಿಗ್ರಿ. ದೋಷ −4.6, ಮಿತಿಯೊಳಗೇ ಇದೆ ಅನ್ನಿಸುತ್ತದೆ ಅಲ್ವಾ? ಆದರೆ ಅನಿಶ್ಚಿತತೆ 2.5 ಇದೆ. ನಿಜವಾದ ದೋಷ −2.1ರಿಂದ −7.1ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹೀಗಿರುವಾಗ ಕಣ್ಣು ಮುಚ್ಚಿ 'ಪಾಸ್' ಎಂದು ಬರೆಯಲಾಗದು. ಯಾವ ನಿಯಮದಂತೆ ಪಾಸ್ ಅಥವಾ ಫೇಲ್ ಹೇಳುತ್ತೀರಿ ಎಂದು ಗ್ರಾಹಕರ ಜೊತೆ ಮೊದಲೇ ಮಾತಾಡಿಕೊಳ್ಳಿ. ಐಎಸ್‌ಒ/ಐಇಸಿ 17025 (ಕ್ಯಾಲಿಬ್ರೇಶನ್ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ) ಕೇಳುವುದೂ ಅದನ್ನೇ.

## ಹಂತ 11: ಅಡ್ಜಸ್ಟ್ ಮಾಡಬೇಕೆ?

ಗ್ರಾಹಕರ ಒಪ್ಪಿಗೆ ಇದ್ದರೆ, ತಯಾರಕರ ವಿಧಾನ ಕೈಯಲ್ಲಿದ್ದರೆ ಮಾತ್ರ. ಮೊದಲಿನ ರೀಡಿಂಗ್‌ಗಳು ದಾಖಲೆಯಲ್ಲಿ ಉಳಿಯಲೇಬೇಕು, ಅಡ್ಜಸ್ಟ್ ಮಾಡಿದ ಮೇಲೆ ಪೂರ್ತಿ ಸರಣಿ ಹೊಸದಾಗಿ ತೆಗೆಯಬೇಕು. ಒಂದೇ ತಾಪಮಾನದಲ್ಲಿ ಹೊಂದಿಸಿ ಉಳಿದದ್ದು ಸರಿಯಿರುತ್ತದೆ ಎಂದು ಬಿಡುವಂತಿಲ್ಲ.

ಎಮಿಸಿವಿಟಿ ಬದಲಿಸಿ ಹೊಂದಿಸುವ ದಾರಿ ಬೇಡ ಎಂದು ಮೊದಲೇ ಹೇಳಿದೆ. ಕಾರಣ ಈಗ ಸ್ಪಷ್ಟವಾಗಿರಬೇಕು. ಕೋಲ್ಡ್ ಜಂಕ್ಷನ್ನಿಂದ ಬಂದ ಒಂದೇ ಸಮನಾದ ದೋಷವನ್ನು ತಾಪಮಾನದ ಜೊತೆ ಬೆಳೆಯುವ ತಿದ್ದುಪಡಿಯಿಂದ ಸರಿಮಾಡಲು ಹೋದರೆ ಒಂದು ಜಾಗದಲ್ಲಿ ಸರಿಯಾಗಿ ಉಳಿದೆಲ್ಲ ಕಡೆ ಕೆಡುತ್ತದೆ.

## ಹಂತ 12: ಸರ್ಟಿಫಿಕೇಟಿನಲ್ಲಿ ಏನಿರಬೇಕು

ಪ್ರತಿ ತಾಪಮಾನದ ದೋಷ ಮತ್ತು ಅನಿಶ್ಚಿತತೆ, ಗನ್ನಿನ ತರಂಗಾಂತರ, ಎಮಿಸಿವಿಟಿ ಸೆಟ್ಟಿಂಗ್, ದೂರ, ಬಾಯಿಯ ವ್ಯಾಸ, ಕೋಣೆಯ ತಾಪಮಾನ, ಬಳಸಿದ ರೆಫರೆನ್ಸ್ ಮತ್ತು ಅದರ ಸರ್ಟಿಫಿಕೇಟ್ ನಂಬರ್. ಲೆನ್ಸ್ ಒರೆಸಿದ್ದರೆ ಅದೂ. ದೂರ ಮತ್ತು ಬಾಯಿಯ ವ್ಯಾಸ ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಂದು ಲ್ಯಾಬ್ ಬೇರೆ ದೂರದಲ್ಲಿ ಅಳೆದು ಬೇರೆ ಅಂಕಿ ಕೊಡುತ್ತದೆ, ಅದು ಗನ್ ಜಾರಿದ್ದಕ್ಕೋ ಲ್ಯಾಬ್ ಬದಲಾಗಿದ್ದಕ್ಕೋ ಯಾರಿಗೂ ತಿಳಿಯುವುದಿಲ್ಲ.

ಗನ್ ವಾಪಸ್ ಕೊಡುವ ಮೊದಲು ಹಂತ 1ರ ಫೋಟೋ ತೆರೆದು ಎಮಿಸಿವಿಟಿ, ಪೀಕ್ ಹೋಲ್ಡ್, ಮೋಡ್ ಎಲ್ಲ ಮೊದಲಿನಂತೆ ಇಡಿ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ: "ಕ್ಯಾಲಿಬ್ರೇಶನ್ 1.00ರಲ್ಲಿ ಮಾಡಿದೆ, ಈಗ 0.80ಕ್ಕೆ ಇಟ್ಟಿದೆ."